ಕಂಬದ ಮೇಲಿಂದ ಹೋದ ಚೆಂಡು

ಕೊಯ್ಲು ಮುಗಿದ ಗದ್ದೆ ಮುಂದಿನ ಮಳೆಗಾಲದವರೆಗೆ ಊರಿನ ಮಕ್ಕಳದ್ದು ಎಂದು ಯಾರೂ ಹೇಳದೆಯೇ ಎಲ್ಲರೂ ಒಪ್ಪಿಕೊಂಡಿದ್ದ ಕಾಲ ಅದು. ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯ ಪಕ್ಕ ನಮ್ಮೂರು. ಜನವರಿ ಬಂತೆಂದರೆ ಎಲ್ಲೆಲ್ಲೂ ಒಣಹುಲ್ಲಿನ ವಾಸನೆ. ಅಪ್ಪನ ಅಕ್ಕಿ ಗಿರಣಿಯ ತೌಡು ಗಾಳಿಯಲ್ಲಿ ಹಾರಿ ಬಂದು ಎಣ್ಣೆ ಹಚ್ಚಿದ ತಲೆಗೆ ಅಂಟಿಕೊಳ್ಳುತ್ತಿತ್ತು. ಗದ್ದೆಯ ಕೂಳೆ ಅಂಗಾಲಿಗೆ ಚುಚ್ಚಿದರೆ ಉಫ್ ಎಂದು ಊದಿಕೊಂಡು ಮತ್ತೆ ಓಡುವುದು. ಒಂದು ಗದ್ದೆಯಲ್ಲಿ ಹುಡುಗರ ಕ್ರಿಕೆಟ್ಟು, ಇನ್ನೊಂದರಲ್ಲಿ ಚಿಕ್ಕವರ ಲಗೋರಿ. ಮೂರನೆಯ ಗದ್ದೆಯಲ್ಲಿ ನಾನು, ನನ್ನ ಚಿಕ್ಕಪ್ಪ, ಮತ್ತು ಊರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಆಟ.

ಚಿಕ್ಕಪ್ಪನ ಹೆಸರು ಮಹಾಬಲೇಶ್ವರ ನಾಯ್ಕ. ಊರವರ ಬಾಯಲ್ಲಿ ಮಾಬ್ಲ. ಮಿಲಿಟರಿಯಲ್ಲಿ ಇದ್ದು ಬಂದವನು. ಹಾಗೆಂದರೆ ಎಲ್ಲರೂ ಬಂದೂಕಿನ ಕಥೆ ಕೇಳಲು ಕೂರುತ್ತಿದ್ದರು. ಅವನು ಅಡುಗೆಯವನಾಗಿದ್ದ ಎಂದು ತಿಳಿದ ಕೂಡಲೇ ಎದ್ದು ಹೋಗುತ್ತಿದ್ದರು. "ಸೌಟು ಹಿಡಿದ ಸಿಪಾಯಿ" ಎಂದು ಅವನಿಗೆ ಹೆಸರು ಬಿದ್ದಿತ್ತು. ಮದುವೆಯಾಗಿರಲಿಲ್ಲ. ನಮ್ಮ ಮನೆಯಲ್ಲೇ ಇದ್ದು ಗಿರಣಿಯಲ್ಲಿ ಚೀಲ ಹೊಲಿಯುತ್ತಿದ್ದ. ಅಪ್ಪ ಅವನನ್ನು ಬೈಯುತ್ತಿರಲಿಲ್ಲ, ಆದರೆ ನಾಲ್ಕು ಜನರ ಎದುರು ಅವನನ್ನು ತನ್ನ ತಮ್ಮ ಎಂದು ಹೇಳಿಕೊಂಡದ್ದನ್ನೂ ನಾನು ಕೇಳಿಲ್ಲ.

ಅವನಿದ್ದ ಪಲ್ಟನ್ನಿನಲ್ಲಿ ಸಾಹೇಬರು ರಗ್ಬಿ ಆಡುತ್ತಿದ್ದರಂತೆ. ಅರ್ಧ ಆಟಕ್ಕೆ ಉಪ್ಪು ಹಾಕಿದ ಕಿತ್ತಳೆ ಹೋಳು ಒಯ್ದು ಕೊಡುವುದು ಚಿಕ್ಕಪ್ಪನ ಕೆಲಸ. ಸಂಜೆ ಒಬ್ಬ ಸಾಹೇಬರು ಒಂಟಿಯಾಗಿ ಒದೆಯುವ ಅಭ್ಯಾಸ ಮಾಡುವಾಗ ಕಂಬದ ಹಿಂದೆ ನಿಂತು ಚೆಂಡು ಹೆಕ್ಕಿ ಕೊಡುವುದೂ ಅವನೇ. ಹೆಕ್ಕಿ ಹೆಕ್ಕಿ, ವಾಪಸ್ಸು ಒದ್ದು ಒದ್ದು, ಸಾಹೇಬರಿಗಿಂತ ದೂರ ಹೊಡೆಯಲು ಕಲಿತನಂತೆ. ಊರಿಗೆ ಬರುವಾಗ ಟ್ರಂಕಿನಲ್ಲಿ ಒಂದು ಹಳೆಯ ಚೆಂಡು ತಂದಿದ್ದ. ಗುಂಡಗಿರಲಿಲ್ಲ ಅದು, ಬಣ್ಣದ ಸೌತೆಯ ಹಾಗೆ ಉದ್ದುದ್ದ. ಆಯಿ, ಅಂದರೆ ನನ್ನ ಅಮ್ಮ, ಅದನ್ನು ಮೊದಲ ಸಲ ನೋಡಿದಾಗ, "ಇದೆಂತದಾ ಮಾಬ್ಲ, ಮೊಗೆಕಾಯಿಗೆ ಚರ್ಮ ಹೊಲ್ಸಿದ್ಯನಾ?" ಎಂದು ಕೇಳಿದ್ದಳು. ಅವತ್ತಿನಿಂದ ಅದು ಮೊಗೆಕಾಯಿ ಚೆಂಡೇ.

ಗದ್ದೆಯಲ್ಲಿ ಅವನು ಎರಡು ಉದ್ದ ಬಿದಿರು ಗಳ ನೆಟ್ಟು, ನಡುವೆ ಅಡ್ಡಗಳ ಕಟ್ಟಿದ. ಹಾದಿಯಲ್ಲಿ ಹೋಗುವವರೆಲ್ಲ ನಿಂತು ಕೇಳುವವರೇ. "ಎಂತಾ ಮಾಬ್ಲಾ, ಹುಲ್ಲು ಒಣಗ್ಸುಕೆ ಕಟ್ಟಿದ್ಯನಾ?" ಆಯಿ ಎರಡನೇ ದಿನವೇ ಅದರ ಮೇಲೆ ಕಂಬಳಿ ಒಣಹಾಕಿದಳು. ಚಿಕ್ಕಪ್ಪ ಕಂಬಳಿ ಮಡಚಿ ಬದುವಿನ ಮೇಲಿಟ್ಟು, ನನ್ನನ್ನು ಕರೆದು ನಿಲ್ಲಿಸಿದ. ಹೆಣ್ಣುಮಕ್ಕಳನ್ನೆಲ್ಲ ಅವನು ಪ್ರೀತಿಯಿಂದ ತಂಗಿ ಎಂದೇ ಕರೆಯುವುದು.

"ತಂಗೀ, ಅಡ್ಡಗಳದ ಅಡಿಯಿಂದ ಹೋದ್ರೆ ಎಂತಾ ಇಲ್ಲ. ಮೇಲಿಂದ, ಎರಡು ಕಂಬದ ನಡುವೆ ಹೋಗ್ಬೇಕು. ತಿಳೀತನಾ?"

ಆ ಆಟದ ಲೆಕ್ಕವೇ ವಿಚಿತ್ರ. ಚೆಂಡು ಹಿಡಿದು ಓಡಿ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ಐದು. ಅದರ ಬೆನ್ನಿಗೆ ಒಂದು ಒದೆತ ಸಿಗುತ್ತದೆ, ಕಂಬದ ಮೇಲಿಂದ ಹೋದರೆ ಕನ್ವರ್ಷನ್, ಎರಡು. ಪೆನಾಲ್ಟಿಗೆ ಮೂರು. ಆಟ ನಡೆಯುತ್ತಿರುವಾಗಲೇ ಚೆಂಡನ್ನು ಕೈಯಿಂದ ಬಿಟ್ಟು, ನೆಲ ಮುಟ್ಟಿ ಏಳುವ ಹೊತ್ತಿಗೆ ಒದ್ದು ಮೇಲಿಂದ ಕಳಿಸಿದರೆ ಡ್ರಾಪ್ ಗೋಲು, ಅದಕ್ಕೂ ಮೂರು. ಈ ಕೊನೆಯದು ನನಗೆ ಬಹಳ ದಿನ ಬರಲಿಲ್ಲ. ಒಮ್ಮೆ ಬೇಗ ಒದೆಯುತ್ತಿದ್ದೆ, ಒಮ್ಮೆ ತಡ. ಅವನು ಅಡುಗೆಯವನಲ್ಲವೇ, ಹೇಳಿಕೊಟ್ಟದ್ದೂ ಹಾಗೆಯೇ.

"ಸಾಸಿವೆ ಚಟ್ ಅಂದ ಕೂಡ್ಲೆ ಕರಿಬೇವು ಹಾಕೂದಲ್ಲನಾ? ಮೊದ್ಲೇ ಹಾಕಿದ್ರೆ ಹಸಿ, ತಡ ಆದ್ರೆ ಸೀದೋಯ್ತು. ನೆಲ ಮುಟ್ಟಿದ್ದು ಕಿವಿಗೆ ಕೇಳ್ಬೇಕು. ಕೇಳ್ತಾ, ಒದಿ!"

ಅದಾದ ಮೇಲೆ ಬಂತು. ದೂರದ ಯಾವುದೋ ದೇಶದಲ್ಲಿ ನಾಲ್ಕು ಕಂಬದ ಆಟ ಇದೆಯಂತೆ, ನಡುವಿನ ಎರಡರ ಮಧ್ಯೆ ಹೋದರೆ ಆರು, ಸ್ವಲ್ಪ ತಪ್ಪಿ ಪಕ್ಕದಲ್ಲಿ ಹೋದರೂ ಒಂದು ಕೊಡುತ್ತಾರಂತೆ. ಸಾಹೇಬರ ಬಾಯಲ್ಲಿ ಕೇಳಿದ್ದ. "ತಪ್ಪಿದ್ದಕ್ಕೂ ಒಂದು ಕೊಡ್ತಾರೆ ನೋಡು, ಎಂಥ ಒಳ್ಳೆ ಜನ!" ಎಂದು ಚಿಕ್ಕಪ್ಪ ಬೆರಗಾಗುತ್ತಿದ್ದ.

ನಮ್ಮ ಅಭ್ಯಾಸದ ಕ್ರಮ ಹೀಗಿತ್ತು. ಅವನು ಕಂಬದ ಹಿಂದೆ ಹೋಗಿ ನಿಲ್ಲುವನು, ಪಲ್ಟನ್ನಿನಲ್ಲಿ ನಿಲ್ಲುತ್ತಿದ್ದ ಹಾಗೆ. ನಾನು ಮಣ್ಣು ಒಟ್ಟುಮಾಡಿ ಚೆಂಡು ಇಡುವುದು, ಹಿಂದೆ ಹೋಗುವುದು, ತಲೆ ಎತ್ತಿ ಅವನ ಮುಖ ನೋಡುವುದು, ಆಮೇಲೆ ತಲೆ ಬಗ್ಗಿಸಿ ಒದೆಯುವುದು. ಒದ್ದ ಮೇಲೆ ನೋಡಬಾರದು. "ನೋಡಿದ್ರೆ ಚೆಂಡೇನು ದಾರಿ ಬದಲ್ಸೂದಿಲ್ಲ. ಬೆನ್ನು ತಿರುಗ್ಸಿ ಬಾ" ಎನ್ನುತ್ತಿದ್ದ. ಚೆಂಡು ಸರಿಯಾಗಿ ಮೇಲಿಂದ ಹೋದರೆ ಅವನು ಅದನ್ನು ಎದೆಗೆ ಹಿಡಿದುಕೊಂಡು, ಭುಜದ ಮೇಲಿನ ಟವೆಲ್ಲನ್ನು ಬಾವುಟದಂತೆ ಎತ್ತುವನು. ಅಲ್ಲಿ ಕಂಬದ ಹಿಂದೆ ನಿಂತವರು ಹಾಗೆ ಬಾವುಟ ಎತ್ತಿದರೇ ಲೆಕ್ಕಕ್ಕೆ ಬರುವುದಂತೆ. ಆ ಟವೆಲ್ಲು ಮೇಲೇರುವುದನ್ನು ನೋಡಲು ನಾನು ಕತ್ತಲಾಗುವವರೆಗೂ ಒದೆಯುತ್ತಿದ್ದೆ. ಆಯಿ ಜಗಲಿಯಲ್ಲಿ ನಿಂತು, "ಹೆಣ್ಣುಮಗು ಹಂಗೆ ಕಾಲೆತ್ತಿ ಒದ್ರೆ ನಾಳೆ ಯಾರು ಮದ್ವೆ ಆಗ್ತಾರೆ ಮಾರಾಯಾ!" ಎಂದು ಕೂಗುತ್ತಿದ್ದಳು. ಅವಳಿಗೆ ಉತ್ತರವಾಗಿ ಮತ್ತೊಂದು ಒದೆ.

ಆ ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರು ತಾಲೂಕಿನ ಹೈಸ್ಕೂಲು ಹುಡುಗಿಯರಿಗೆ ಫುಟ್‌ಬಾಲ್ ಪಂದ್ಯ ಇಡುವುದೆಂದು ಹಿರಿಯರು ಯಾರೋ ನಿಶ್ಚಯಿಸಿದರು. ನಮ್ಮ ಶಾಲೆಯಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ಪಿ.ಟಿ. ಮಾಸ್ತರು ಖೋಖೋ ಆಡುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒದೆಯಲು ಹೇಳಿದರು. ನನ್ನ ಸರದಿ ಬಂದಾಗ ಚೆಂಡು ಶಾಲೆಯ ಹಂಚು ದಾಟಿ ಹಿಂದಿನ ಹಿತ್ತಿಲಿಗೆ ಬಿತ್ತು. ಮಾಸ್ತರು ಪೀಪಿ ಬಾಯಲ್ಲಿಟ್ಟುಕೊಂಡೇ ನಿಂತರು.

"ಸವಿತಾ, ಯಾರೇ ಕಲ್ಸಿದ್ದು ನಿಂಗೆ?"

ಮರುದಿನವೇ ಮಾಸ್ತರು ನಮ್ಮ ಗಿರಣಿಗೆ ಬಂದರು. ತೌಡು ಮೆತ್ತಿದ ಬನಿಯನ್ನಿನಲ್ಲಿ ಚೀಲ ಹೊಲಿಯುತ್ತಿದ್ದ ಚಿಕ್ಕಪ್ಪನ ಮುಂದೆ ನಿಂತು, "ನಾಯ್ಕರೇ, ನೀವು ಸಂಜೆ ಬಂದು ನಮ್ ಹುಡುಗಿಯರಿಗೆ ಸ್ವಲ್ಪ ಕಲ್ಸಿಕೊಡ್ಬೇಕು. ಈ ಸಲ ಗೆದ್ರೆ ಹೆಡ್‌ಮಾಸ್ತರು ನಿಮ್ಮನ್ನು ಮುಂದಿನ ವರ್ಷಕ್ಕೂ ಇಟ್ಕಳ್ತಾರೆ" ಎಂದರು. ಚಿಕ್ಕಪ್ಪನನ್ನು 'ನೀವು' ಎಂದವರು ನಮ್ಮೂರಲ್ಲಿ ಅವರೇ ಮೊದಲಿರಬೇಕು. ಅಪ್ಪ ಗಿರಣಿಯ ಬೆಲ್ಟು ನಿಲ್ಲಿಸಿ ಬಂದು, "ನನ್ ತಮ್ಮ ಮಿಲಿಟ್ರಿಲಿ ಇದ್ದವ" ಎಂದು ಮಾಸ್ತರಿಗೆ ಪರಿಚಯ ಮಾಡಿಕೊಟ್ಟ. ಹಿತ್ತಲ ಗಿಡ ಕೊನೆಗೂ ಮದ್ದಾಗಿತ್ತು.

ಆ ತಿಂಗಳು ಚಿಕ್ಕಪ್ಪ ಬೇರೆಯೇ ಮನುಷ್ಯ. ಬಿಳಿ ಅಂಗಿಗೆ ಇಸ್ತ್ರಿ, ಬೂಟಿಗೆ ಪಾಲಿಶು. ರಗ್ಬಿ ಬೇರೆ, ಇದು ಬೇರೆ ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ನನಗೂ ಗೊತ್ತಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಜನ ನಾವು ಗೊತ್ತಿಲ್ಲದ ಪೆದ್ದರೆಂದೇ ತಿಳಿದರು. "ಇಲ್ಲಿ ಮೇಲಿಂದ ಅಲ್ಲ ತಂಗೀ, ಅಡಿಯಿಂದ. ತುದಿಬೆರಳಲ್ಲಿ ಎತ್ಬೇಡ, ಒಳಪಾದದಲ್ಲಿ ತಳ್ಳು" ಎಂದು ದಿನಾ ಹೇಳುವನು. ಒಂದೇ ಅಸಮಾಧಾನ ಅವನಿಗೆ. "ಹತ್ರದಿಂದ ತಳ್ಳಿದ್ರೂ ಒಂದೇ, ಅರ್ಧ ಮೈದಾನದಿಂದ ಹೊಡೆದ್ರೂ ಒಂದೇ ಅಂದ್ರೆ ಇದೆಂತ ನ್ಯಾಯನೇ ಮಾರಾಯ್ತಿ!" ಹುಡುಗಿಯರು ನಗುತ್ತಿದ್ದರು. ಅವರಿಗೆ ಅವನೆಂದರೆ ಇಷ್ಟ. ಶಾಲೆಯಿಂದ ಮನೆಗೆ ಹೋಗುವ ಗದ್ದೆ ಬದುವಿನ ಮೇಲೆ ನಾವಿಬ್ಬರೂ ಹಿಂದೆಮುಂದಾಗಿ ನಡೆಯುತ್ತ, ಆ ದಿನದ ಒಂದೊಂದು ಒದೆತವನ್ನೂ ಮತ್ತೊಮ್ಮೆ ಬಾಯಲ್ಲೇ ಒದೆಯುತ್ತಿದ್ದೆವು. ನನ್ನ ಬಾಲ್ಯದಲ್ಲಿ ನಾನು ಅಷ್ಟು ಮಾತಾಡಿದ್ದು ಇನ್ಯಾರ ಜೊತೆಗೂ ಇಲ್ಲ.

ಪಂದ್ಯದ ದಿನ ಶಿರಸಿಯ ಮೈದಾನದ ಸುತ್ತ ಜನವೋ ಜನ. ಹುಡುಗಿಯರು ಚೆಡ್ಡಿ ಹಾಕಿಕೊಂಡು ಫುಟ್‌ಬಾಲ್ ಆಡುತ್ತಾರಂತೆ ಎಂದು ನೋಡಲು ಬಂದವರೇ ಹೆಚ್ಚು. ಬೆಳಿಗ್ಗೆ ಸಿದ್ದಾಪುರದವರನ್ನು ಸೋಲಿಸಿದೆವು. ಮಧ್ಯಾಹ್ನ ಯಲ್ಲಾಪುರದ ಜೊತೆ ಫೈನಲ್. ಅಪ್ಪ ಗಿರಣಿಗೆ ಬೀಗ ಹಾಕಿ ಬಂದಿದ್ದ. ಅರ್ಧ ಆಟಕ್ಕೆ ಚಿಕ್ಕಪ್ಪ ಸ್ಟೀಲಿನ ಡಬ್ಬಿಯಿಂದ ಉಪ್ಪು ಹಾಕಿದ ಕಿತ್ತಳೆ ಹೋಳು ಹಂಚಿದ. ಯಲ್ಲಾಪುರದ ಹುಡುಗಿಯರಿಗೂ ಕೊಟ್ಟ. ಆಗ ಎರಡೂ ಕಡೆಗೆ ಒಂದೊಂದು ಗೋಲಾಗಿತ್ತು.

ಆಟ ಮುಗಿಯುತ್ತ ಬಂದಾಗ ಯಲ್ಲಾಪುರದ ಹುಡುಗಿಯೊಬ್ಬಳ ಕೈಗೆ ಗೋಲಿನ ಹತ್ತಿರವೇ ಚೆಂಡು ತಾಗಿತು. ನಮಗೆ ಪೆನಾಲ್ಟಿ. ಮಾಸ್ತರು ನನ್ನ ಕಡೆ ಬೆರಳು ತೋರಿಸಿದರು. ನನ್ನ ಕಾಲು ನಡುಗುತ್ತಿತ್ತು. ಚಿಕ್ಕಪ್ಪ ಅದನ್ನು ಅಷ್ಟು ದೂರದಿಂದಲೇ ಕಂಡಿರಬೇಕು. ಮೈದಾನದ ಅಂಚಿನಲ್ಲೇ ಸರಸರ ನಡೆದು ಬಂದು ಗೋಲಿನ ಹಿಂದೆ ನಿಂತುಕೊಂಡ. ಹೆದರಬೇಡ ಎಂಬಂತೆ ಕೈ ಮಾಡಿದ. ನನಗೆ ಧೈರ್ಯ ಕೊಡಲಿಕ್ಕೆಂದೇ ಬಂದದ್ದು, ಅದರಲ್ಲಿ ಸಂಶಯವಿಲ್ಲ.

ನನಗೆ ಧೈರ್ಯ ಬಂತು. ಚೆಂಡು ಇಟ್ಟೆ. ಹಿಂದೆ ಹೋದೆ. ತಲೆ ಎತ್ತಿ ಅವನ ಮುಖ ನೋಡಿದೆ. ತಲೆ ಬಗ್ಗಿಸಿ ಒದ್ದೆ.

ಅಷ್ಟು ಚಂದದ ಒದೆತ ನನ್ನ ಕಾಲಿಗೆ ಅದಕ್ಕಿಂತ ಮುಂಚೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಒದ್ದ ಸದ್ದಿನಲ್ಲೇ ಗೊತ್ತಾಯಿತು. ನೋಡುವ ಅಗತ್ಯವೇ ಇರಲಿಲ್ಲ. ಕಲಿಸಿದ ಹಾಗೆ ಬೆನ್ನು ತಿರುಗಿಸಿ, ತಲೆ ಎತ್ತಿ, ರಾಣಿಯ ಹಾಗೆ ನಡೆದು ಬಂದೆ. ಎದುರಿಗೆ ನಮ್ಮ ಹುಡುಗಿಯರ ಮುಖ ಕಂಡಿತು. ಒಬ್ಬಳೂ ಕುಣಿಯುತ್ತಿರಲಿಲ್ಲ. ಒಬ್ಬಳು ಬಾಯಿಗೆ ಕೈ ಹಿಡಿದುಕೊಂಡಿದ್ದಳು.

ತಿರುಗಿ ನೋಡಿದೆ. ಗೋಲಿನ ಹಿಂದೆ ಚಿಕ್ಕಪ್ಪ, ಅಡ್ಡಗಳದ ಮೇಲಿಂದ ಹಾರಿ ಬಂದ ಚೆಂಡನ್ನು ಒಂದು ಕಂಕುಳಲ್ಲಿ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಟವೆಲ್ಲನ್ನು ಆಕಾಶಕ್ಕೆ ಎತ್ತಿ ನಿಂತಿದ್ದ. ಮುಖದ ತುಂಬ ನಗು. ಇಡೀ ಮೈದಾನ ಒಂದು ಆಟ ನೋಡುತ್ತಿತ್ತು, ನಾವಿಬ್ಬರೇ ಇನ್ನೊಂದು ಆಟ ಗೆದ್ದಿದ್ದೆವು.

ಆಮೇಲೆ ನಗು ಶುರುವಾಯಿತು. ಅಯ್ಯೋ ದೇವರೇ, ಆ ನಗು! ಒಂದು ಮೂಲೆಯಲ್ಲಿ ಎದ್ದು, ಸುತ್ತು ಹೊಡೆದು, ಮತ್ತೆ ಅಲ್ಲಿಗೇ ಬಂತು. ಚಿಕ್ಕಪ್ಪನ ಕೈ ಒಮ್ಮೆಲೇ ಇಳಿಯಲಿಲ್ಲ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ಹೊತ್ತೂ ಟವೆಲ್ಲು ಮೇಲೆಯೇ ಇತ್ತು, ಜನ ಅದನ್ನು ನೋಡಿ ಇನ್ನಷ್ಟು ನಕ್ಕರು. ಮಾನ ಮೂರಾಬಟ್ಟೆಯಾಯಿತು ಎನ್ನುತ್ತಾರಲ್ಲ, ಅದು ಹೇಗಿರುತ್ತದೆಂದು ಅವತ್ತು ಕಂಡೆ. ನಂದಲ್ಲ, ಅವನದು. ನಂದು ಆಮೇಲೆ ನೆನಪಾಯಿತು.

ಯಾರೋ ಹಿಂದಿನಿಂದ ಕೂಗಿದರು, "ಅಡಿಗೆಯವನ ಕೈಗೆ ಆಟ ಕೊಟ್ರೆ ಒಗ್ಗರಣೆ ಮೇಲೇ ಹಾರೂದು ಮಾರಾಯ್ರೇ!" ಆಟ ಮುಗಿಯುವುದರೊಳಗೆ ಯಲ್ಲಾಪುರದವರು ಇನ್ನೊಂದು ಗೋಲು ಹೊಡೆದರು. ಹೆಡ್‌ಮಾಸ್ತರು ಚಿಕ್ಕಪ್ಪನ ಮುಖ ನೋಡದೆ, "ಇರ್ಲಿ ಬಿಡಿ, ಇರ್ಲಿ ಬಿಡಿ" ಎಂದು ಜೀಪು ಹತ್ತಿದರು. ಅಪ್ಪ ಆಗಲೇ ಅಲ್ಲಿರಲಿಲ್ಲ. ಗಿರಣಿಗೆ ಭತ್ತ ಬರುವುದಿದೆ ಎಂದು ಯಾರಿಗೋ ಹೇಳಿ ಹೊರಟುಹೋಗಿದ್ದನಂತೆ.

ಬಸ್ಸಿನಲ್ಲಿ ಚಿಕ್ಕಪ್ಪ ಡ್ರೈವರನ ಹಿಂದೆ ಕೂತ. ನಾನು ಕೊನೆಯ ಸೀಟಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತೆ. ಊರಿನಲ್ಲಿ ಇಳಿದ ಮೇಲೆ ಅದೇ ಬದುವಿನ ಮೇಲೆ ಅವನು ಮುಂದೆ, ನಾನು ಹಿಂದೆ. ಅವನು ಮಾತಾಡಲಿ ಎಂದು ನಾನು, ನಾನು ಮಾತಾಡಲಿ ಎಂದು ಅವನು. "ಥೋ, ಎಂಥಾ ಕೆಲ್ಸ ಮಾಡ್ದೆ ಹುಡ್ಗಿ!" ಎಂದು ಅವನೊಮ್ಮೆ ಬೈದಿದ್ದರೆ ಸಾಕಿತ್ತು, ಇಬ್ಬರೂ ಅಲ್ಲೇ ಕೂತು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವೋ ಏನೋ. ಮನೆ ಬಂತು. ಆಯಿ ಬಾಗಿಲಲ್ಲೇ ಕೇಳಿದಳು.

"ಎಂತಾ ಆಯ್ತಾ ಮಾಬ್ಲ?"

"ಸೋತ್ವು ಅತ್ಗೆ" ಎಂದು ಅವನು ಕಾಲು ತೊಳೆಯಲು ಹಿಂದಕ್ಕೆ ಹೋದ.

ಬೆಳಿಗ್ಗೆ ಎದ್ದು ನೋಡಿದರೆ ಗದ್ದೆಯಲ್ಲಿ ಕಂಬವಿರಲಿಲ್ಲ. ಅವನೇ ಕಿತ್ತು, ಕಡಿದು, ಹಿತ್ತಿಲ ಹೀರೆ ಚಪ್ಪರಕ್ಕೆ ಹಾಕಿದ್ದ. ನನಗೆ ಅದನ್ನು ಕಂಡು ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು.

ಶಾಲೆಯಲ್ಲಿ ಹುಡುಗರು ನನ್ನನ್ನು ಕಂಡರೆ ಕರವಸ್ತ್ರ ಎತ್ತುತ್ತಿದ್ದರು. ಪರೀಕ್ಷೆ ಮುಗಿಯುವವರೆಗೂ ಅದು ನಿಲ್ಲಲಿಲ್ಲ. ಮನೆಗೆ ಬಂದರೆ ಚಿಕ್ಕಪ್ಪನ ಮುಖ. ಅವನನ್ನು ನೋಡಿದ ಕೂಡಲೇ ಆ ನಗು ಕಿವಿಯಲ್ಲಿ ಏಳುತ್ತಿತ್ತು, ನಾನು ಒಳಗೆ ಹೋಗಿಬಿಡುತ್ತಿದ್ದೆ. ಅವನಿಂದಾಗಿ ನನಗೆ ಅವಮಾನವಾಯಿತು, ಅದಕ್ಕೇ ಹುಡುಗಿ ಮುಖ ತಪ್ಪಿಸುತ್ತಾಳೆ ಎಂದು ಅವನು ತಿಳಿದ. ನನ್ನಿಂದಾಗಿ ಅವನಿಗೆ ಸಿಗಬೇಕಾದ ಮರ್ಯಾದೆ ಹೋಯಿತು, ಅದಕ್ಕೇ ಮಾತಾಡುವುದಿಲ್ಲ ಎಂದು ನಾನು ತಿಳಿದೆ. ಹೀಗೆಂದು ಈಗ ಹೇಳಬಲ್ಲೆ. ಹದಿಮೂರರ ಹುಡುಗಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು? ಒಂದೇ ಒಲೆಯ ಅನ್ನ ಉಣ್ಣುತ್ತ, ಒಬ್ಬರಿಗೊಬ್ಬರು ಉಪ್ಪಿನಕಾಯಿ ದಾಟಿಸುತ್ತ, ಇಬ್ಬರೂ ಒಬ್ಬರ ಎದುರು ಇನ್ನೊಬ್ಬರು ನಾಚಿಕೊಂಡು ಬದುಕಿದೆವು. ಮಳೆಗಾಲಕ್ಕೆ ಮುಂಚೆ ಅವನು ಸಿದ್ದಾಪುರದಲ್ಲಿ ಒಂದು ಹೋಟೆಲಿನ ಅಡುಗೆಗೆ ಸೇರಿಕೊಂಡ. ಅಲ್ಲೇ ತಡವಾಗಿ ಮದುವೆಯಾದ, ಅಲ್ಲೇ ಉಳಿದ. ಹಬ್ಬಕ್ಕೆ ಬಂದಾಗ "ಹ್ಯಾಂಗಿದ್ಯೇ ತಂಗೀ?" "ಅಡ್ಡಿಲ್ಲ ಚಿಕ್ಕಪ್ಪ." ಇಷ್ಟೇ ನಮ್ಮ ಮಾತು. ಒಂದೊಂದು ಒದೆತವನ್ನೂ ಬಾಯಲ್ಲಿ ಮತ್ತೆ ಒದೆಯುತ್ತಿದ್ದವರು ನಾವು!

ನಾನೀಗ ಯಲ್ಲಾಪುರದ ಸೊಸೆ. ಸೋಲಿಸಿದ ಊರಿಗೇ ಬಂದೆಯಲ್ಲ ಎಂದು ಗಂಡ ತಮಾಷೆ ಮಾಡಬಹುದಿತ್ತು, ಆದರೆ ಆ ಕಥೆಯನ್ನು ಅವನಿಗೂ ಹೇಳಿಲ್ಲ. ನನ್ನ ಮಗಳು ಟರ್ಫ್ ಎಂಬ ಹಸಿರು ಚಾಪೆಯ ಮೇಲೆ ಗಂಟೆ ಲೆಕ್ಕದಲ್ಲಿ ಆಡಲು ಹೋಗುತ್ತಾಳೆ. ಅವಳ ಕೋಚಿಗೆ ಅವಳ ಹೆಸರು ಗೊತ್ತಿದೆಯೋ ಇಲ್ಲವೋ. ನಮ್ಮೂರ ಮೂರನೆಯ ಗದ್ದೆಯಲ್ಲಿ ಕಲ್ಲು ನೆಟ್ಟು ಸೈಟು ಮಾಡಿದ್ದಾರೆ. ಗದ್ದೆ ಹೋದದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ, ಗದ್ದೆಗಳು ಎಲ್ಲ ಊರಲ್ಲೂ ಹೋಗಿವೆ. ನನ್ನ ಮುಖ ನೋಡಿಯೇ ಕಾಲು ನಡುಗುತ್ತಿದೆ ಎಂದು ತಿಳಿದು ಮೈದಾನ ದಾಟಿ ಬರುವವರು ಆಮೇಲೆ ಯಾರೂ ಸಿಗಲಿಲ್ಲ. ಸಿಕ್ಕಿದ್ದ ಒಬ್ಬನನ್ನು ಒಂದು ನಗುವಿಗೆ ಹೆದರಿ ಬಿಟ್ಟುಕೊಟ್ಟೆ.

ಹೋದ ತಿಂಗಳು ಸಿದ್ದಾಪುರಕ್ಕೆ ಹೋಗಿದ್ದೆ. ಚಿಕ್ಕಪ್ಪನಿಗೆ ವಯಸ್ಸಾಗಿದೆ, ಆದರೆ ನೆನಪೊಂದೂ ಮಾಸಿಲ್ಲ, ಅಡುಗೆಮನೆ ಈಗಲೂ ಅವನದೇ. ಈ ಸಲ ಹೇಗಾದರೂ ಆ ಮಾತು ತೆಗೆಯಲೇಬೇಕು ಎಂದು ನಿಶ್ಚಯ ಮಾಡಿಕೊಂಡು ಹೋಗಿದ್ದೆ. ಕೊನೆಗೆ ಮಾತಿನ ಬದಲು ಮೊಬೈಲಿನಲ್ಲಿ ಹೆಂಗಸರ ರಗ್ಬಿ ಪಂದ್ಯವೊಂದನ್ನು ಹಚ್ಚಿ ಅವನ ಕೈಯಲ್ಲಿಟ್ಟೆ. ಒಬ್ಬಳು ಹುಡುಗಿ ಚೆಂಡು ಇಟ್ಟು, ಹಿಂದೆ ಹೋಗಿ, ತಲೆ ಎತ್ತಿ ನೋಡಿ, ತಲೆ ಬಗ್ಗಿಸಿ ಒದ್ದಳು. ಚೆಂಡು ಕಂಬದ ಮೇಲಿಂದ ನಡುವೆಯೇ ಹೋಯಿತು. ಹಿಂದೆ ನಿಂತವರು ಬಾವುಟ ಎತ್ತಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಚಿಕ್ಕಪ್ಪ ಕಣ್ಣು ಮಿಟುಕಿಸದೆ ನೋಡಿದ. ಈಗ ಹೇಳುತ್ತಾನೆ, ಈಗ 'ಕನ್ವರ್ಷನ್!' ಎನ್ನುತ್ತಾನೆ ಎಂದು ನಾನು ಕಾದು ಕೂತಿದ್ದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಮೊಬೈಲನ್ನು ಮೆಲ್ಲಗೆ ನನ್ನ ಕೈಗೆ ವಾಪಸ್ಸು ಕೊಟ್ಟ.

"ಇದೆಂತ ಆಟನೇ ತಂಗೀ? ಮೇಲಿಂದ ಹೋದ್ರೆ ಔಟ್ ಅಲ್ಲನಾ?"

"ಅಲ್ಲ ಚಿಕ್ಕಪ್ಪ, ಇದ್ರಲ್ಲಿ ಎರಡು ಪಾಯಿಂಟು ಕೊಡ್ತಾರೆ" ಎಂದೆ.

"ಹೌದನಾ? ನಂಗೆ ಗೊತ್ತೇ ಇರ್ಲಿಲ್ಲ ನೋಡು" ಎಂದು ಅವನು ಚಹಾ ಸೋಸಲು ಒಳಗೆ ಹೋದ.